‘ಬಂದಿಲ್ಲ’ ಎಂದ ದೆಲ್ಫಿನಾ

ದೆಲ್ಫಿನಾ ವಾರ್ಕಾಯಾಳ ಕಬಿನಾದಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ದೊಡ್ಡ ಚೀಲ ಇರುತ್ತಿತ್ತು. ಅದರ ತುಂಬ ಹುಡುಗರ ಅಂಗಿಗಳು. ಕೆಲವು ಫುಟ್‌ಬಾಲ್ ತಂಡದವು, ಕೆಲವು ಚುನಾವಣೆಯಲ್ಲಿ ಪುಕ್ಕಟೆ ಹಂಚಿದವು. ಭಾನುವಾರ ಅವಳು ಅವನ್ನೆಲ್ಲ ಒಗೆದು ಒಣಗಿಸಿ, ಮಡಿಸಿ ಮತ್ತೆ ಚೀಲಕ್ಕೆ ತುಂಬುತ್ತಿದ್ದಳು.

ಲಿಮಾ ನಗರದ ದಕ್ಷಿಣದ ಅಂಚಿನಲ್ಲಿ, ಹಸಿರಿಲ್ಲದ ಬೂದುಬಣ್ಣದ ಗುಡ್ಡಕ್ಕೆ ಮೆಟ್ಟಿಲು ಕಡಿದು ಜನ ಮನೆ ಕಟ್ಟಿಕೊಂಡ ಕಡೆ ಅವಳ ಅಂಗಡಿ. ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರನ್ನು ಬಾಡಿಗೆಗೆ ಕೊಡುವ ಇಂಥ ಅಂಗಡಿಯನ್ನು ಅಲ್ಲಿ ಕಬಿನಾ ಎನ್ನುತ್ತಾರೆ. ಅವಳದಕ್ಕೆ ‘ಕೊಮೆತಾ’ ಎಂದು ಹೆಸರು. ಗಾಳಿಪಟ ಎಂದರ್ಥ. ಶಾಲೆಯ ಸಮವಸ್ತ್ರ ತೊಟ್ಟವರನ್ನು ಶಾಲೆಯ ವೇಳೆಯಲ್ಲಿ ಒಳಗೆ ಬಿಡಕೂಡದು ಎಂದು ಮುನಿಸಿಪಾಲಿಟಿಯವರು ಬಾಗಿಲಿಗೆ ಕಾಗದ ಅಂಟಿಸಿ ಹೋಗಿದ್ದರು. ದೆಲ್ಫಿನಾ ಆ ಕಾಗದವನ್ನು ಕಿತ್ತಿರಲಿಲ್ಲ. ಮಕ್ಕಳು ಅದರ ಪಕ್ಕದಲ್ಲೇ ನಿಂತು ಬಿಳಿ ಶರ್ಟು ಬಿಚ್ಚಿ, ಚೀಲದಿಂದ ಒಂದು ಅಂಗಿ ಎಳೆದು ಹಾಕಿಕೊಂಡು ಒಳಗೆ ಬರುತ್ತಿದ್ದರು.

“ತೀಯಾ, ಇದು ಬೆವರು ನಾರ್ತಾ ಇದೆ!” ಎಂದು ಒಬ್ಬ ಮೂಗು ಮುಚ್ಚಿಕೊಳ್ಳುತ್ತಿದ್ದ. ಅಂಗಡಿಯ ಹೆಂಗಸನ್ನು ಅಲ್ಲಿನ ಮಕ್ಕಳು ತೀಯಾ ಎನ್ನುತ್ತಾರೆ, ಚಿಕ್ಕಮ್ಮ ಅಂದ ಹಾಗೆ.

“ನಾರೋದು ನಿನ್ನದೇ ಕಣೋ. ನಿನ್ನೆ ಅದನ್ನ ಹಾಕ್ಕೊಂಡಿದ್ದೋನು ಯಾರು?” ಎಂದು ದೆಲ್ಫಿನಾ ಗದರುತ್ತಿದ್ದಳು.

ಅವಳು ಕೆಟ್ಟವಳಲ್ಲ. ಆಯಕುಚೊ ಬೆಟ್ಟಗಳ ಕಡೆಯಿಂದ ಹುಡುಗಿಯಾಗಿದ್ದಾಗಲೇ ಲಿಮಾಕ್ಕೆ ಬಂದವಳು. ಯಾರದೋ ಮನೆಯ ಕೆಲಸ ಮಾಡಿದಳು. ಆಮೇಲೆ ಬಸ್ ನಿಲ್ದಾಣದಲ್ಲಿ ಇದ್ದಿಲ ಮೇಲೆ ದನದ ಹೃದಯದ ಮಾಂಸ ಸುಟ್ಟು ಮಾರಿದಳು. ಗಂಡ ಇನ್ನೊಬ್ಬಳೊಂದಿಗೆ ಹೋದ ಮೇಲೆ ಇದ್ದಿಲ ಹೊಗೆ ಸಾಕೆನಿಸಿ, ಹಳೆಯ ಕಂಪ್ಯೂಟರ್‌ಗಳನ್ನು ತಂದು ಮನೆಯ ಮುಂದಿನ ಕೋಣೆಯಲ್ಲಿ ಸಾಲಾಗಿ ಇಟ್ಟಳು. ನಡುನಡುವೆ ರಟ್ಟಿನ ತಡಿಕೆ ನಿಲ್ಲಿಸಿದಳು. ಅವಳಿಗೆ ಕಂಪ್ಯೂಟರಿನ ಓನಾಮ ಗೊತ್ತಿರಲಿಲ್ಲ. ಯಂತ್ರ ನಿಂತರೆ ವೈರು ಕಿತ್ತು ಮತ್ತೆ ಚುಚ್ಚುತ್ತಿದ್ದಳು, ಅಷ್ಟೆ.

ಆಟ ಮಾತ್ರ ಕಿವಿಯ ಮೇಲೆ ಬಿದ್ದು ಬಿದ್ದು ಅರ್ಥವಾಗಿತ್ತು. ಐವರದು ಒಂದು ಪಡೆ, ಎದುರಿಗೆ ಐವರದು ಇನ್ನೊಂದು. ಅವರವರ ಗೋಪುರ ಕಾಯಬೇಕು, ಎದುರಿನವರದು ಕೆಡವಬೇಕು. ಒಬ್ಬ ನಡುವೆ ಎದ್ದುಹೋದರೆ ಉಳಿದ ನಾಲ್ವರೂ ಮುಳುಗಿದಂತೆ. ಅದಕ್ಕೇ ಯಾರೂ ನಡುವೆ ಏಳುತ್ತಿರಲಿಲ್ಲ.

“ಲೋ ಕುರಿ, ಗೋಪುರ ಬಿಟ್ಟು ಎಲ್ಲಿ ಮೇಯೋಕೆ ಹೋದೆ?”

“ನಿನ್ನದೇನು ಕೈನಾ, ಬೇಯಿಸಿದ ಆಲೂಗಡ್ಡೆನಾ? ಒತ್ತೋ!”

ಇಂಥ ಮಾತುಗಳ ನಡುವೆ ಅವಳ ದಿನ ಕಳೆಯುತ್ತಿತ್ತು. ಆಟದಿಂದ ಮಕ್ಕಳು ಕೆಡುತ್ತಾರೆಯೇ ಎಂದು ಅವಳೂ ಒಮ್ಮೊಮ್ಮೆ ಯೋಚಿಸಿದ್ದುಂಟು. ಕೆಟ್ಟವರನ್ನು ಅವಳು ಕಂಡಿದ್ದಳು. ಒಬ್ಬ ಹುಡುಗ ತಾಯಿಯ ಅಡುಗೆಮನೆಯ ಗ್ಯಾಸ್ ಸಿಲಿಂಡರನ್ನೇ ಮಾರಿ ಬಂದು ಕೂತಿದ್ದ. ಇನ್ನೊಬ್ಬ ಸೋತಾಗಲೆಲ್ಲ ಪಕ್ಕದ ಚಿಕ್ಕವನ ತಲೆಗೆ ಮೊಟಕುತ್ತಿದ್ದ. ‘ನನ್ನ ಅಂಗಡಿ ಇಲ್ಲದಿದ್ದರೆ ಇವು ಕೆಳಗಿನ ಬೀದಿಯಲ್ಲಿ ಕಲ್ಲು ತೂರಾಡುತ್ತ ಇರುತ್ತಿದ್ದವು’ ಎಂದು ಹೇಳಿಕೊಂಡು ಅವಳು ಆ ಯೋಚನೆಯನ್ನು ಅಲ್ಲಿಗೇ ಬಿಡುತ್ತಿದ್ದಳು.

ಆ ಗುಡ್ಡದಲ್ಲಿ ತಾಯಂದಿರು ಬೆಲ್ಟು ಹಿಡಿದುಕೊಂಡೇ ಮಕ್ಕಳನ್ನು ಹುಡುಕಲು ಬರುತ್ತಿದ್ದರು. ಬಂದವರು ಕೇಳುವುದು ಒಂದೇ, ‘ನನ್ನ ಮಗ ಇಲ್ಲಿದ್ದಾನಾ?’ ಎಲ್ಲ ಕಬಿನಾದವರೂ ಕೊಡುವ ಉತ್ತರವೂ ಒಂದೇ, ‘ಬಂದಿಲ್ಲ.’ ಹುಡುಗನನ್ನು ಹಿಡಿದುಕೊಟ್ಟ ಅಂಗಡಿಗೆ ಮರುದಿನ ಯಾವ ಹುಡುಗನೂ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ದೆಲ್ಫಿನಾಳಿಗೆ ಆ ಮಾತು ಎಷ್ಟು ರೂಢಿಯಾಗಿತ್ತೆಂದರೆ, ಕೇಳುವವರು ಹೆಸರು ಹೇಳಿ ಮುಗಿಸುವ ಮೊದಲೇ ಅದು ಬಾಯಿಂದ ಹೊರಗೆ ಬಿದ್ದಿರುತ್ತಿತ್ತು.

ಬರುತ್ತಿದ್ದ ಮಕ್ಕಳಲ್ಲಿ ಯೋನೆಲ್ ಎಂಬ ಹುಡುಗನ ಮೇಲೆ ಅವಳಿಗೆ ಒಂದು ಬಗೆಯ ಅಕ್ಕರೆ. ಅವನಿಗೆ ಹದಿನಾಲ್ಕು. ಮಾತಾಡಲು ಹೊರಟರೆ ಮೊದಲ ಅಕ್ಷರದಲ್ಲೇ ಸಿಕ್ಕಿಬೀಳುವವನು. ಶಾಲೆಯಲ್ಲಿ ಓದುವ ಸರದಿ ಬಂದಾಗ ಮೇಷ್ಟ್ರು ಅವನನ್ನು ಬಿಟ್ಟು ಮುಂದಿನವನನ್ನು ಎಬ್ಬಿಸುತ್ತಿದ್ದರಂತೆ. ತಾಯಿ ಚಿಲಿ ದೇಶದಲ್ಲಿ ಮನೆಗೆಲಸಕ್ಕಿದ್ದಳು. ಅಕ್ಕ ಗ್ಲೆನಿ ಮಾರುಕಟ್ಟೆಯಲ್ಲಿ ಕೋಳಿ ಕತ್ತರಿಸುತ್ತಿದ್ದಳು. ಇಬ್ಬರನ್ನೂ ಸಾಕಿದವಳು ಅಜ್ಜಿ ಸತುರ್ನಿನಾ. ಯೋನೆಲ್ ಅವಳನ್ನು ‘ಮಮಾಯ್’ ಎಂದು ಬೆಟ್ಟದ ಭಾಷೆಯಲ್ಲೇ ಕರೆಯುತ್ತಿದ್ದ.

ಕಿವಿಗೆ ಹೆಡ್‌ಫೋನ್ ಹಾಕಿ ಕೂತರೆ ಮಾತ್ರ ಆ ಹುಡುಗ ಬೇರೆಯೇ ಆಗುತ್ತಿದ್ದ.

“ನಿಲ್ಲಿ. ಯಾರೂ ಮುಂದೆ ಹೋಗ್ಬೇಡಿ. ಬಲಗಡೆ ಇರೋನು ಕಾಯ್ತಾ ಇರು. ನಾನು ಹೇಳಿದಾಗ ಎಲ್ಲ ಒಟ್ಟಿಗೆ ನುಗ್ಗಿ.”

ಒಂದು ಅಕ್ಷರವೂ ತಡವರಿಸುತ್ತಿರಲಿಲ್ಲ. ಅವನಿಗಿಂತ ದೊಡ್ಡ ಹುಡುಗರೂ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು.

ಒಮ್ಮೆ ಅಜ್ಜಿಯೇ ಅವನನ್ನು ಹುಡುಕಿಕೊಂಡು ಬಂದಿದ್ದಳು. ಬೆಲ್ಟು ಇರಲಿಲ್ಲ. ಸೆರಗಿನಂಥ ಬಣ್ಣದ ಬಟ್ಟೆಯ ಗಂಟಿನಲ್ಲಿ ಹುರಿದ ಜೋಳ ಇತ್ತು. ದೆಲ್ಫಿನಾ ‘ಬಂದಿಲ್ಲ’ ಅನ್ನುವಷ್ಟರಲ್ಲಿ ಒಳಗಿಂದ ಮೊಮ್ಮಗನ ದನಿ ಕೇಳಿಬಿಟ್ಟಿತು. ಮುದುಕಿ ರಟ್ಟಿನ ತಡಿಕೆಯ ಈಚೆ ಕಿವಿಯಿಟ್ಟು ನಿಂತಳು.

“ಅದು ನಮ್ಮ ಹುಡುಗನಾ?” ಎಂದು ಪಿಸುಗುಟ್ಟಿದಳು.

“ಅವನೇ ಅಜ್ಜಿ.”

“ಯಾರ ಜೊತೆ ಮಾತಾಡ್ತಾನೆ?”

“ಅವನ ಪಡೆಯೋರ ಜೊತೆ. ಅಪ್ಪಣೆ ಮಾಡ್ತಾನೆ. ಎಲ್ಲ ಕೇಳ್ತಾರೆ.”

ಸತುರ್ನಿನಾ ಬಾಯಿಗೆ ಕೈ ಮುಚ್ಚಿಕೊಂಡು ನಕ್ಕಳು. ಆಟ ಮುಗಿಯುವವರೆಗೂ ಹಾಗೆಯೇ ನಿಂತು ಕೇಳಿ, ಜೋಳದಲ್ಲಿ ಒಂದು ಹಿಡಿಯನ್ನು ದೆಲ್ಫಿನಾಳ ಕೈಗೂ ಹಾಕಿ ಹೋದಳು. ಅಂದಿನಿಂದ ದೆಲ್ಫಿನಾಳಿಗೆ ತಾನೂ ಆ ಹುಡುಗನಿಗೆ ಏನೋ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ಒಳಗೊಳಗೇ ಹೆಮ್ಮೆ.

ಅದು ಆಗಸ್ಟ್ ತಿಂಗಳು. ಅಲ್ಲಿಗೆ ಅದೇ ಚಳಿಗಾಲ. ಮಂಜು ಗುಡ್ಡವನ್ನೆಲ್ಲ ಒದ್ದೆ ಮಾಡಿತ್ತು. ಕೆಳಗಿನ ಬೀದಿಯ ಕಬಿನಾದ ಹುಡುಗರ ಮೇಲೆ ಕೊಮೆತಾದ ಹುಡುಗರದು ಪಂದ್ಯ. ಯೋನೆಲ್ ಕೊನೆಯ ಪಾಠ ತಪ್ಪಿಸಿ ಬಂದು, ಚೀಲದಿಂದ ಕೆಂಪು ಅಂಗಿ ತೊಟ್ಟು ಮೂಲೆಯ ಯಂತ್ರಕ್ಕೆ ಕೂತಿದ್ದ. ಆಟ ಬಿಗಿಯಾಗಿತ್ತು. ಆಡದವರೂ ಅವನ ಬೆನ್ನ ಹಿಂದೆ ಗುಂಪುಗಟ್ಟಿ ಉಸಿರು ಬಿಗಿಹಿಡಿದು ನಿಂತಿದ್ದರು.

ಆಗ ಗ್ಲೆನಿ ಬಾಗಿಲಿಗೆ ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು.

“ತೀಯಾ, ಯೋನೆಲ್...”

“ಬಂದಿಲ್ಲ ಕಣೇ.”

“ತೀಯಾ, ನಿಜ ಹೇಳಿ, ಮನೇಲಿ...”

“ಬೆಳಗ್ಗಿಂದ ಈ ಕಡೆ ತಲೇನೇ ಹಾಕಿಲ್ಲ ಅಂದ್ನಲ್ಲ. ಮೈದಾನದ ಹತ್ರ ನೋಡು ಹೋಗು.”

ಗ್ಲೆನಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ತಿರುಗಿ ಕೆಳಗೆ ಓಡಿದಳು. ಅವಳ ಕೈಯಲ್ಲಿ ಬೆಲ್ಟು ಇರಲಿಲ್ಲ. ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ ಇತ್ತು. ಇವೆರಡೂ ದೆಲ್ಫಿನಾಳ ಕಣ್ಣಿಗೆ ಬಿದ್ದಿದ್ದವು. ಆದರೆ ಅವಳು ನೋಡಿದ್ದು ಕಣ್ಣಿನಿಂದ ಮಾತ್ರ.

“ತೀಯಾ, ಎಂಥಾ ನಾಟಕ! ಟೀವಿಗೆ ಸೇರ್ಕೊಂಬಿಡಿ ನೀವು!” ಎಂದು ಒಬ್ಬ ಹುಡುಗ ನಕ್ಕ.

ದೆಲ್ಫಿನಾಳೂ ನಕ್ಕಳು. ಯೋನೆಲ್‌ನ ಕಿವಿ ಮುಚ್ಚಿತ್ತು. ಅವನಿಗೆ ಏನೂ ಕೇಳಿರಲಿಲ್ಲ.

ಪಂದ್ಯ ಗೆದ್ದರು. ಹುಡುಗರು ಕ್ಯಾಪ್ಟನ್‌ನನ್ನು ಭುಜದ ಮೇಲೆ ಎತ್ತಿದರು. ಅವನು ಅಂಗಿ ಬದಲಿಸುವುದನ್ನೂ ಮರೆತು, ಅದೇ ಕೆಂಪು ಅಂಗಿಯಲ್ಲಿ ಮನೆಯ ಕಡೆ ಕುಣಿಯುತ್ತ ಹೋದ.

ಅವನ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯವರು ಸುದ್ದಿ ಹೇಳಿದರು. ಅಜ್ಜಿಗೆ ಎದೆ ಹಿಡಿದುಕೊಂಡಿತ್ತು. ದೊಡ್ಡಾಸ್ಪತ್ರೆಗೆ ಹೋಗಲು ಟ್ಯಾಕ್ಸಿ ಬಂದು ನಿಂತಿದ್ದರೂ, ಹುಡುಗ ಬರಲಿ, ಅವನ ಮುಖ ನೋಡಿ ಹೋಗುತ್ತೇನೆ ಎಂದು ಅವಳು ಬಾಗಿಲ ಕಂಬ ಹಿಡಿದು ಕೂತಿದ್ದಳಂತೆ. ಗ್ಲೆನಿ ಊರೆಲ್ಲ ಹುಡುಕಿ ಬರಿಗೈಲಿ ಬಂದ ಮೇಲೆ ಅವಳನ್ನು ಎತ್ತಿ ಕೂರಿಸಿಕೊಂಡು ಹೋದರಂತೆ. ಅವಳು ಆಸ್ಪತ್ರೆ ಮುಟ್ಟಲಿಲ್ಲ.

ಮರುದಿನ ಸಂಜೆ ಹೆಣದ ಬಳಿ ಕೂರಲು ಗುಡ್ಡದವರೆಲ್ಲ ಬಂದರು. ದೆಲ್ಫಿನಾಳೂ ಹೋದಳು. ಹೋಗದಿದ್ದರೆ ಜನ ಏನಾದರೂ ಅಂದುಕೊಂಡಾರು ಎಂಬ ಅಳುಕು. ಹಲಗೆ ಗೋಡೆಯ ಆ ಸಣ್ಣ ಮನೆಯಲ್ಲಿ ಕಾಫಿ, ಬಿಸ್ಕತ್ತು, ಜಗಿಯುವ ಕೋಕಾ ಎಲೆಯ ತಟ್ಟೆ ಕೈಯಿಂದ ಕೈಗೆ ಹೋಗುತ್ತಿದ್ದವು. ಯೋನೆಲ್ ಶವಪೆಟ್ಟಿಗೆಯ ಕಾಲ ಕಡೆ ನಿಂತಿದ್ದ.

ಅವನ ಸೋದರಮಾವ ಕ್ಲೆಮೆಂತೆ ನಗರದ ಆಚೆ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿ. ತಾಯಿ ಸತ್ತ ದುಃಖದಲ್ಲಿ ಆತನ ಕಣ್ಣು ಕೆಂಪಗಿದ್ದವು. ಅವನು ಎಲ್ಲರ ಎದುರಿಗೇ ಕೇಳಿದ.

“ಎಲ್ಲಿದ್ಯೋ ನೀನು? ನಿಮ್ಮಜ್ಜಿ ಜೀವ ಹಿಡ್ಕೊಂಡು ನಿನ್ನ ದಾರಿ ನೋಡ್ತಿದ್ಲು. ಎಲ್ಲಿದ್ದೆ?”

“ಕೊ... ಕೊ... ಕೊಮೆತಾದಲ್ಲಿ.”

“ಸುಳ್ಳು ಬೇರೆ!” ಎಂದು ಗ್ಲೆನಿ ಅಳುತ್ತಲೇ ಕೂಗಿದಳು. “ಮೊದಲು ಅಲ್ಲಿಗೇ ಓಡಿದ್ದು ನಾನು. ತೀಯಾನ ಕೇಳಿದೆ. ಬೆಳಗ್ಗಿಂದ ಬಂದೇ ಇಲ್ಲ ಅಂದ್ರು. ಅಲ್ವಾ ತೀಯಾ?”

ಎಲ್ಲರ ಮುಖವೂ ದೆಲ್ಫಿನಾಳ ಕಡೆ ತಿರುಗಿತು. ಅವಳ ಕೈಯಲ್ಲಿ ಕಾಫಿಯ ಲೋಟ ಇತ್ತು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ತಲೆ ತಗ್ಗಿಸಿ ಲೋಟವನ್ನು ತುಟಿಗಿಟ್ಟಳು. ಜನಕ್ಕೆ ಅಷ್ಟು ಸಾಕಾಯಿತು.

“ನೋಡಿದ್ರಾ?” ಎಂದ ಕ್ಲೆಮೆಂತೆ. “ಚಟ ಹತ್ತಿದೋನು ಹೀಗೇ. ತಲೆ ತಿಂದ್ಹಾಕುತ್ತೆ ಅದು. ಮೊದಲು ಪಾಠ ಹೋಯ್ತು, ಆಮೇಲೆ ನಾಚಿಕೆ ಹೋಯ್ತು, ಈಗ ಹೆಣದ ಮುಂದೆ ಸುಳ್ಳು ಹೇಳ್ತಾನೆ.”

ಯೋನೆಲ್ ದೆಲ್ಫಿನಾಳನ್ನು ನೋಡಿದ. ಕೋಪದ ನೋಟವಲ್ಲ. ಅರ್ಥವಾಗದ ಒಂದು ಲೆಕ್ಕವನ್ನು ಮತ್ತೆ ಮತ್ತೆ ನೋಡುವ ಹಾಗೆ ನೋಡಿದ. ನೋಡುತ್ತ ನೋಡುತ್ತ ಅವನಿಗೆ ಅರ್ಥವಾಯಿತು ಎಂಬುದು ಅವಳಿಗೂ ತಿಳಿಯಿತು. ಅವನು ಇನ್ನೇನಾದರೂ ಹೇಳುತ್ತಾನೆ ಎಂದು ಅವಳು ಹೆದರಿದಳು. ಅವನು ಬಾಯಿ ತೆರೆದ. ಮಾತು ಬರಲಿಲ್ಲ. ಬಾಯಿ ಮುಚ್ಚಿಕೊಂಡ. ಆ ಗಳಿಗೆಯಲ್ಲಿ ದೆಲ್ಫಿನಾಳಿಗೆ ಆದದ್ದು ಸಮಾಧಾನ. ಒಬ್ಬ ಹುಡುಗನ ನಾಲಿಗೆ ಏಳದಿದ್ದುದಕ್ಕೆ ತಾನು ಸಮಾಧಾನಪಟ್ಟೆ ಎಂಬುದು ಮನೆಗೆ ಬಂದು ಕಾಲು ಚಾಚಿದ ಮೇಲೆ ನೆನಪಾಯಿತು. ಅವಳು ಕತ್ತಲಲ್ಲೂ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡಳು.

ಮಣ್ಣು ಮಾಡಿದ ಮೇಲೆ ಒಂದು ಮಧ್ಯಾಹ್ನ ಯೋನೆಲ್ ಅಂಗಡಿಗೆ ಬಂದ. ಆಡಲು ಅಲ್ಲ. ಕೆಂಪು ಅಂಗಿಯನ್ನು ಒಗೆದು, ಮಡಿಸಿ ತಂದಿದ್ದ. ಅದನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ನಿಂತ.

“ತೀ... ತೀ... ನೀ...”

“ಪರವಾಗಿಲ್ಲ ಬಿಡಪ್ಪ, ಅಲ್ಲೇ ಇಟ್ಟು ಹೋಗು,” ಎಂದುಬಿಟ್ಟಳು ದೆಲ್ಫಿನಾ.

ಅವನು ಹೊರಟುಹೋದ. ಆಡುತ್ತಿದ್ದ ಹುಡುಗರಲ್ಲಿ ಒಬ್ಬನೂ ‘ಕ್ಯಾಪ್ಟನ್, ಬಾರೋ’ ಎನ್ನಲಿಲ್ಲ. ಅಂದು ನಾಟಕ ಎಂದು ನಕ್ಕಿದ್ದ ಹುಡುಗ ಪರದೆಯಿಂದ ಕಣ್ಣು ಕೀಳಲಿಲ್ಲ. ಅವರಿಗೂ ಎಲ್ಲ ಗೊತ್ತಿತ್ತು. ನಿಜ ಹೇಳಿದರೆ ಮನೆಯಲ್ಲಿ ತಮ್ಮ ಬೆನ್ನೂ ಉಳಿಯುವುದಿಲ್ಲವೆಂದು ಅವರು ಸುಮ್ಮನಿದ್ದರು. ಅವರು ಮಕ್ಕಳು. ತಾನು? ಅವಳಿಗೆ ಅಂಗಿಯನ್ನು ಮುಟ್ಟಲು ಕೈ ಏಳಲಿಲ್ಲ.

ಮರುದಿನ ಬೆಳಗ್ಗೆ ಬ್ರೆಡ್ಡು ಮಾರುವ ಹೆಂಗಸು ಸುದ್ದಿ ತಂದಳು.

“ಕೇಳಿದ್ರಾ ಸೆನ್ಯೋರಾ? ಆ ತೊದಲನ್ನ ಅವನ ಮಾವ ಇಟ್ಟಿಗೆ ಗೂಡಿಗೆ ಕರ್ಕೊಂಡು ಹೋಗ್ತಾನಂತೆ. ನಾಳೆ ಬಟ್ಟೆ ಒಗೆಯೋ ಶಾಸ್ತ್ರ ಮುಗಿದ ತಕ್ಷಣ. ಶಾಲೆ ಬಿಡಿಸ್ತಾರೆ. ಸುಳ್ಳುಗಾರನಿಗೆ ಓದು ಯಾಕೆ ಅಂತ.”

“ಅವನಕ್ಕ ಒಪ್ಪಿದ್ಲಾ?”

“ಅವಳೇ ಹೇಳಿದ್ದಂತೆ, ಕರ್ಕೊಂಡ್ಹೋಗಿ, ನಂಗೆ ಅವನ ಮುಖ ನೋಡೋಕೆ ಆಗಲ್ಲ ಅಂತ. ಪಾಪ, ಅವಳದ್ದೂ ತಪ್ಪಲ್ಲ ಬಿಡಿ. ಎಲ್ಲ ಆ ಹಾಳು ಆಟದ್ದು.” ಹೆಂಗಸು ಒಳಗಿನ ಯಂತ್ರಗಳ ಕಡೆ ಕಣ್ಣು ಹಾಯಿಸಿ, ನಾಲಿಗೆ ಕಚ್ಚಿಕೊಂಡಳು. “ನಿಮ್ಮನ್ನ ಅಂದಿದ್ದಲ್ಲ ಸೆನ್ಯೋರಾ. ನೀವಾದ್ರೂ ನಿಜ ಹೇಳಿದ್ರಿ.”

ದೆಲ್ಫಿನಾ ಆ ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ.

ಸತ್ತ ಐದನೆಯ ದಿನ ಸತ್ತವರ ಬಟ್ಟೆಯನ್ನೆಲ್ಲ ಒಗೆಯುವುದು ಅವರ ಕಡೆಯ ಪದ್ಧತಿ. ಊರಿನಲ್ಲಾದರೆ ಹೊಳೆಗೆ ಹೋಗುತ್ತಾರೆ. ಈ ಗುಡ್ಡದಲ್ಲಿ ಹೊಳೆ ಎಲ್ಲಿಂದ ಬರಬೇಕು? ಟ್ಯಾಂಕರಿನ ನೀರನ್ನು ಪೀಪಾಯಿಯಲ್ಲಿ ಹಿಡಿದು, ಮನೆಯ ಮುಂದೆ ದೊಡ್ಡ ಬೋಗುಣಿಗಳನ್ನು ಇಟ್ಟು ಒಗೆಯುತ್ತಾರೆ. ಹೆಂಗಸರೆಲ್ಲ ಕೈಹಾಕುತ್ತಾರೆ. ಒಗೆಯುತ್ತ ಸತ್ತವರ ಮಾತಾಡುತ್ತಾರೆ. ನಗುವುದೂ ಉಂಟು.

ದೆಲ್ಫಿನಾ ಹೋದಾಗ ಮುದುಕಿಯ ಉಣ್ಣೆಯ ಲಂಗಗಳು ನೀರಿನಲ್ಲಿ ನೆನೆದು ಕಲ್ಲಿನಂತೆ ಭಾರವಾಗಿದ್ದವು. ಯಾರೋ ಹೇಳುತ್ತಿದ್ದರು, “ಒಂದರ ಮೇಲೆ ಒಂದು ಇಷ್ಟೂ ಲಂಗ ಹಾಕ್ಕೊಂಡು ಈ ಮೆಟ್ಟಿಲು ಹೆಂಗೆ ಹತ್ತುತಿದ್ಲಮ್ಮ ಪುಣ್ಯಾತ್ಗಿತ್ತಿ!” ಹೆಂಗಸರು ನಕ್ಕರು. ಕ್ಲೆಮೆಂತೆ ಗಂಡಸರ ಜೊತೆ ಗೋಡೆಗೊರಗಿ ಕೂತಿದ್ದ. ಅವನ ಕಾಲ ಬಳಿ ಯೋನೆಲ್‌ನ ಬಟ್ಟೆಯ ಮೂಟೆ ಕಟ್ಟಿ ಇಟ್ಟಿತ್ತು. ಹುಡುಗ ಪೀಪಾಯಿಯಿಂದ ನೀರು ಹೊತ್ತು ತರುತ್ತಿದ್ದ.

ದೆಲ್ಫಿನಾ ಗ್ಲೆನಿಯ ಎದುರು ಕುಕ್ಕರುಗಾಲಿನಲ್ಲಿ ಕೂತಳು. ಅಂಗಿಯ ತೋಳು ಮೇಲಕ್ಕೆ ಮಡಿಸಿದಳು. ಕೈ ನೀರಿಗೆ ಇಳಿಸಲಿಲ್ಲ.

“ಗ್ಲೆನಿ,” ಎಂದಳು. “ಅವನು ಇದ್ದ ಕಣೇ.”

“ಯಾರು ತೀಯಾ?”

“ಯೋನೆಲ್. ನೀನು ಬಂದಾಗ ಅವನು ಒಳಗೇ ಇದ್ದ. ಮೂಲೆಯ ತಡಿಕೆ ಹಿಂದೆ. ನಾನು ಬಂದಿಲ್ಲ ಅಂದೆ.”

ಗ್ಲೆನಿಯ ಕೈ ನಿಂತಿತು. “ಯಾಕೆ?”

ಯಾಕೆ ಎಂಬುದಕ್ಕೆ ಅವಳು ರಾತ್ರಿಯೆಲ್ಲ ಏನೇನೋ ಉತ್ತರ ಹೊಂದಿಸಿಟ್ಟುಕೊಂಡಿದ್ದಳು. ಈಗ ಅವನ್ನೆಲ್ಲ ಬಿಟ್ಟಳು. “ರೂಢಿ ಆಗ್ಬಿಟ್ಟಿತ್ತು,” ಎಂದಳು.

“ರೂಢಿ,” ಎಂದಳು ಗ್ಲೆನಿ. ಮತ್ತೊಮ್ಮೆ ಅಂದಳು, “ರೂಢಿ.” ಆಮೇಲೆ ತಗ್ಗಿದ ದನಿಯಲ್ಲಿ, “ನನ್ನ ಕಿವೀಲಿ ಹೇಳಿದ್ರೆ ಏನು ಬಂತು? ಆವತ್ತು ಎಲ್ಲರ ಮುಂದೆ ಸುಮ್ಮನಿದ್ರಲ್ಲ. ಎಲ್ಲರ ಮುಂದೇನೇ ಹೇಳಿ,” ಎಂದಳು.

ದೆಲ್ಫಿನಾ ಎದ್ದು ನಿಂತಳು. ಹೇಳಿದಳು. ಚೀಲದ ಅಂಗಿಗಳ ವಿಷಯವನ್ನೂ, ಮೈದಾನದ ಕಡೆ ನೋಡು ಎಂದು ಬಾಯಿಗೆ ಬಂದದ್ದು ಸೇರಿಸಿದ್ದನ್ನೂ, ಹುಡುಗರ ಜೊತೆ ತಾನೂ ನಕ್ಕದ್ದನ್ನೂ ಹೇಳಿದಳು.

“ಅಂದ್ರೆ ನಮ್ಮ ಮಕ್ಕಳಿಗೆ ಬಟ್ಟೆ ಬದಲಿಸಿ ಒಳಗೆ ಕೂರಿಸ್ಕೊಳ್ಳೋಳು ನೀನೇನಾ?” ಎಂದು ಒಬ್ಬ ತಾಯಿ ಸೋಪಿನ ಕೈಯಲ್ಲೇ ಎದ್ದಳು. “ನನ್ನ ಮಗ ಶಾಲೇಲಿದಾನೆ ಅಂದ್ಕೊಂಡು ನಾನು ನೆಮ್ಮದಿಯಾಗಿ ಮೀನು ಮಾರ್ತಿದ್ನಲ್ಲೇ!”

ದೆಲ್ಫಿನಾ ಅದಕ್ಕೂ ತಲೆಯಾಡಿಸಿದಳು.

ಕ್ಲೆಮೆಂತೆ ಉಗುಳಿ, ಬಾಯಿ ಒರೆಸಿಕೊಂಡ. “ಸರಿ, ಸುಳ್ಳು ಹೇಳಿದ್ದು ನೀವು. ಆದ್ರೇನಾಯ್ತು? ಕರೆದಿದ್ರೆ ಇವನು ಎದ್ದು ಬರ್ತಿದ್ನಾ? ಆಟ ಅರ್ಧಕ್ಕೆ ಬಿಟ್ಟು ಏಳೋ ಜಾತಿನಾ ಇದು? ಮನೆಗೆ ಬೆಂಕಿ ಬಿದ್ರೂ ‘ಇದೊಂದು ಮುಗೀಲಿ’ ಅಂತಾವೆ. ನಾನು ನೋಡಿಲ್ವಾ!”

ಅಂಥದ್ದನ್ನು ಎಲ್ಲರೂ ನೋಡಿದ್ದರು. ದೆಲ್ಫಿನಾ ಎಲ್ಲರಿಗಿಂತ ಹೆಚ್ಚು ನೋಡಿದ್ದಳು.

ಯೋನೆಲ್ ನೀರಿನ ಬಕೆಟ್ಟನ್ನು ಕೆಳಗಿಟ್ಟ.

“ನಾ... ನಾ...”

“ಏನು? ನಾನೇ ಹೇಳ್ಲಾ? ‘ನಾನು ಆಡ್ತಿದ್ದೆ’ ಅಂತಾನಾ?” ಎಂದ ಮಾವ.

“ಸುಮ್ನಿರಿ ಮಾವ,” ಎಂದಳು ಗ್ಲೆನಿ. “ಅವನು ಹೇಳ್ಲಿ.”

ಎಲ್ಲರೂ ಕಾದರು. ಹುಡುಗನ ಗಂಟಲಿನ ನರ ಉಬ್ಬಿತು. ಕಣ್ಣು ಬಿಗಿದು ಮುಚ್ಚಿಕೊಂಡಿತು. ಕೈ ಚಡ್ಡಿಯ ಅಂಚನ್ನು ಹಿಂಡುತ್ತಿತ್ತು. ದೆಲ್ಫಿನಾಳಿಗೆ ಅವನ ಮಾತನ್ನು ತಾನೇ ಮುಗಿಸಿಬಿಡಬೇಕು ಎನ್ನಿಸುವಷ್ಟು ಸಂಕಟವಾಯಿತು. ತುಟಿ ಕಚ್ಚಿ ಹಿಡಿದಳು.

“ನಾ... ನಾನು... ಎ... ಎದ್ದು ಬ... ಬರ್ತಿದ್ದೆ.”

“ಬರ್ತಿದ್ದ,” ಎಂದಳು ದೆಲ್ಫಿನಾ. “ದೇವರಾಣೆ ಬರ್ತಿದ್ದ. ನಂಗೆ ಗೊತ್ತು ಇವನು.”

ಕ್ಲೆಮೆಂತೆ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದ. “ನಿಮ್ಮ ಮಾತಿಗೆ ಏನಮ್ಮ ಬೆಲೆ?” ಎಂದ. ಬೈದ ಹಾಗೆ ಹೇಳಲಿಲ್ಲ, ನಿಜವಾಗಿಯೂ ಕೇಳಿದ ಹಾಗೆ ಕೇಳಿದ.

ಯೋನೆಲ್ ಬರುತ್ತಿದ್ದನೋ ಇಲ್ಲವೋ ಎಂಬುದನ್ನು ತಿಳಿಯಲು ಇದ್ದದ್ದು ಒಂದೇ ದಾರಿ, ಆವತ್ತು ತಡಿಕೆಯ ಹಿಂದಕ್ಕೆ ಹೋಗಿ ಅವನ ಭುಜ ತಟ್ಟುವುದು. ಅದು ಏಳೆಂಟು ಹೆಜ್ಜೆಯ ಕೆಲಸ. ಆಟ ಅವನನ್ನು ಕೆಡಿಸಿತ್ತೋ ಇಲ್ಲವೋ ಅಷ್ಟರಲ್ಲೇ ತಿಳಿದುಹೋಗುತ್ತಿತ್ತು. ಈಗ ಯಾರು ಏನು ಹೇಳಿದರೂ ಅದು ಬರೀ ಮಾತು. ಇನ್ನು ಬದುಕಿರುವಷ್ಟು ದಿನ ಅವನು ‘ಬರ್ತಿದ್ದೆ’ ಎನ್ನಬೇಕು, ಕೇಳಿದವರು ಅನುಮಾನದಿಂದ ನೋಡಬೇಕು. ತಾನೊಬ್ಬನೇ ಇರುವಾಗ ಅವನಿಗೂ ಅನುಮಾನ ಬಂದೀತು. ಆ ಯೋಚನೆ ಬಂದಾಗ ದೆಲ್ಫಿನಾಳಿಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ.

ಗ್ಲೆನಿ ಕೈಯನ್ನು ತನ್ನ ಲಂಗಕ್ಕೆ ಒರೆಸಿಕೊಂಡು ಎದ್ದಳು. ಗೋಡೆಯ ಹತ್ತಿರ ಹೋಗಿ ತಮ್ಮನ ಬಟ್ಟೆಯ ಮೂಟೆಯನ್ನು ಎತ್ತಿಕೊಂಡಳು.

“ಇವನು ಎಲ್ಲಿಗೂ ಬರಲ್ಲ ಮಾವ.”

“ಇನ್ನೊಂದು ವಾರಕ್ಕೆ ನೀನೇ ಫೋನ್ ಮಾಡ್ತೀಯ ನೋಡು. ಅದೇ ಅಂಗಡೀಲಿ ಬಿದ್ದಿರ್ತಾನೆ.”

“ಬಿದ್ದಿದ್ರೆ ನಾನೇ ಒಳಗೆ ಹೋಗಿ ಎಬ್ಬಿಸ್ಕೊಂಡು ಬರ್ತೀನಿ. ಬಾಗಿಲಲ್ಲಿ ನಿಂತು ಇನ್ನೊಬ್ರನ್ನ ಕೇಳಲ್ಲ.”

ಮೂಟೆಯನ್ನು ಮನೆಯೊಳಗೆ ಎಸೆದು ಅವಳು ಮತ್ತೆ ಬೋಗುಣಿಯ ಬಳಿ ಬಂದಳು. ಯೋನೆಲ್ ಬಕೆಟ್ಟು ಎತ್ತಿಕೊಂಡು ಪೀಪಾಯಿಯ ಕಡೆ ಹೋದ. ದೆಲ್ಫಿನಾಳ ಪಕ್ಕದಲ್ಲೇ ಹಾದುಹೋದರೂ ಅವಳ ಕಡೆ ನೋಡಲಿಲ್ಲ. ಮೀನು ಮಾರುವ ಹೆಂಗಸು ತನ್ನ ಬೋಗುಣಿಯನ್ನು ಅವಳಿಂದ ಒಂದು ಮೊಳ ದೂರಕ್ಕೆ ಎಳೆದುಕೊಂಡಳು.

ಗ್ಲೆನಿ ನೀರಿನಿಂದ ಅಜ್ಜಿಯ ದಪ್ಪ ಲಂಗವನ್ನು ಎತ್ತಿದಳು. ಉಣ್ಣೆಯದು. ಒಬ್ಬರಿಂದ ಹಿಂಡಲು ಆಗುವಂಥದ್ದಲ್ಲ. ಎರಡು ಸಲ ತಿರುಚಿ ನೋಡಿದಳು, ನೀರು ಇಳಿಯಲಿಲ್ಲ. ಬೇರೆ ಯಾರ ಕೈಯೂ ಬಿಡುವಾಗಿರಲಿಲ್ಲ. ಅವಳು ಮುಖ ಬೇರೆ ಕಡೆ ತಿರುಗಿಸಿಕೊಂಡೇ ಲಂಗದ ಒಂದು ತುದಿಯನ್ನು ದೆಲ್ಫಿನಾಳ ಕಡೆ ಚಾಚಿದಳು.

“ಹಿಡ್ಕೊಳ್ಳಿ,” ಎಂದಳು.

ದೆಲ್ಫಿನಾ ಹಿಡಿದಳು. ಇಬ್ಬರೂ ಒಂದೊಂದು ಕಡೆಗೆ ತಿರುಚಿದರು. ಕಪ್ಪು ನೀರು ಧಾರೆಯಾಗಿ ಇಬ್ಬರ ಕಾಲಿನ ಮೇಲೂ ಸುರಿಯಿತು.